ಎರಡು ಗಂಟೆ ಎಂದರೆ ಎರಡು ಗಂಟೆ

(ಮೈಸೂರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಕಿರಿಯ ವೈದ್ಯರು ಮತ್ತು ಕೆಲವು ತಂದೆತಾಯಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೋಟಿನ ವಿಷಯ ಹೇಳುತ್ತೇನೆ.

ನಾನು ಇಂಗ್ಲೆಂಡಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವಾರ್ಡೊಂದರ ಮ್ಯಾನೇಜರ್. ಅಲ್ಲಿಗೆ ಬರುವವರೆಲ್ಲ ಹದಿನೆಂಟು ದಾಟಿದವರು, ಆಟಿಸಂ (ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆಯ ರೀತಿ ಬೇರೆಯಾಗಿರುವುದು) ಇರುವವರು, ಅದರ ಮೇಲೆ ಮಾನಸಿಕ ಕಾಯಿಲೆಯೂ ಬಂದು ಕಂಗೆಟ್ಟವರು. ಒಬ್ಬರಿಗೆ ತೀವ್ರ ಖಿನ್ನತೆ, ಇನ್ನೊಬ್ಬರಿಗೆ ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳಿಸುವ, ನಿಜವೆನ್ನಿಸುವ ಸ್ಥಿತಿ), ಮತ್ತೊಬ್ಬರಿಗೆ ಬದುಕೇ ಬೇಡ ಎನ್ನಿಸುವಷ್ಟು ಆತಂಕ. ನಾನು ಆ ವಾರ್ಡಿಗೆ ಹೋದ ಮೊದಲ ತಿಂಗಳಲ್ಲಿ ನಡೆದದ್ದು ಇದು.

ಮೂವತ್ತರ ಆಸುಪಾಸಿನ ಒಬ್ಬರಿಗೆ ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಹೋಗಿಬರಲು ಅನುಮತಿ ಸಿಕ್ಕಿತ್ತು. ಮಾನಸಿಕ ಆರೋಗ್ಯ ಕಾಯ್ದೆಯಡಿ ಕಡ್ಡಾಯವಾಗಿ ದಾಖಲಾದವರು ಆಸ್ಪತ್ರೆಯ ಆವರಣ ದಾಟಬೇಕಾದರೆ ಹೊಣೆ ಹೊತ್ತ ವೈದ್ಯರು 17ನೇ ಸೆಕ್ಷನ್ನಿನ ಪತ್ರಕ್ಕೆ ಸಹಿ ಹಾಕಬೇಕು. ಇವರ ಪತ್ರದಲ್ಲಿ ಸಿಬ್ಬಂದಿಯೊಬ್ಬರು ಜೊತೆಗೆ ಹೋಗಬೇಕು ಎಂದೂ ಇತ್ತು. ಅವರು ಒಂದೂವರೆಗೇ ಕೋಟು ತೊಟ್ಟರು. ಜಿಪ್ಪನ್ನು ಗಂಟಲವರೆಗೂ ಎಳೆದುಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು. ಎರಡಾಯಿತು. ಜೊತೆಗೆ ಹೋಗಬೇಕಾದ ಹುಡುಗಿಯನ್ನು ಪಕ್ಕದ ವಾರ್ಡಿನವರು ಕರೆಸಿಕೊಂಡಿದ್ದರು. ‘ಒಂದು ನಿಮಿಷ’ ಎಂದು ಒಬ್ಬರು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ‘ಈಗ ಬಂದುಬಿಡುತ್ತಾರೆ’ ಎಂದರು. ಎರಡು ಇಪ್ಪತ್ತಕ್ಕೆ ಅವರು ಎದ್ದು ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದರು. ಅಲಾರಂ ಹೊಡೆದುಕೊಂಡಿತು. ಆರು ಜನ ಓಡಿಬಂದರು. ನಾಲ್ವರು ಕೈಕಾಲು ಹಿಡಿದು ನೆಲಕ್ಕೆ ಕೂರಿಸಿದರು. ಮೈಮೇಲಿನ ಕೋಟು ಹಾಗೆಯೇ ಇತ್ತು, ಜಿಪ್ಪು ಗಂಟಲವರೆಗೂ.

ಸಂಜೆ ಘಟನೆಯ ವರದಿ ನನ್ನ ಮೇಜಿಗೆ ಬಂತು. ಮೊದಲ ಸಾಲಿನಲ್ಲೇ ‘ಯಾವ ಪ್ರಚೋದನೆಯೂ ಇಲ್ಲದೆ ಇದ್ದಕ್ಕಿದ್ದಂತೆ’ ಎಂದಿತ್ತು. ಬರೆದ ನರ್ಸ್ ಒಳ್ಳೆಯ ಮನಸ್ಸಿನವರು, ಸುಳ್ಳು ಬರೆಯುವವರಲ್ಲ. ಎರಡರಿಂದ ಎರಡು ಇಪ್ಪತ್ತರವರೆಗೆ ಏನೂ ನಡೆದಿಲ್ಲ ಎಂದೇ ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆ ವರದಿಗೆ ನಾನೂ ಸಹಿ ಹಾಕಿ ಮೇಲಕ್ಕೆ ಕಳಿಸಿದೆ. ಕೋಟಿನ ವಿಷಯ ನನಗೆ ತಿಳಿದದ್ದು ಮೂರು ದಿನದ ಮೇಲೆ, ನೆಲ ಒರೆಸುವ ಹೆಂಗಸಿನಿಂದ. ಆಕೆ ಅಲ್ಲೇ ಇದ್ದರು, ಎಲ್ಲವನ್ನೂ ನೋಡಿದ್ದರು, ಆದರೆ ಅವರನ್ನು ಯಾರೂ ಕೇಳಿರಲಿಲ್ಲ.

ವಾರ್ಡ್ ನಡೆಸುವುದು ಎಂದರೆ ಏನು ಎಂದು ಅಂದಿನಿಂದ ನಾನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಔಷಧಿ, ಕೌನ್ಸೆಲಿಂಗ್ ಎಲ್ಲವೂ ಬೇಕು. ಆದರೆ ನಮ್ಮ ವಾರ್ಡಿನಲ್ಲಿ ಎಲ್ಲಕ್ಕಿಂತ ಮೊದಲ ಚಿಕಿತ್ಸೆ ಕೊಟ್ಟ ಮಾತಿಗೆ ತಪ್ಪದಿರುವುದು. ಮುಂದೆ ಏನಾಗುತ್ತದೆ ಎಂದು ತಿಳಿಯದಿದ್ದರೆ ನಿಮಗೆ, ನನಗೆ ಕಿರಿಕಿರಿಯಾಗುತ್ತದೆ. ಆಟಿಸಂ ಇರುವ ಅನೇಕರಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಗುತ್ತದೆ. ಅಂಥವರನ್ನು, ಅವರ ಬದುಕಿನ ಅತ್ಯಂತ ಕೆಟ್ಟ ವಾರದಲ್ಲಿ, ಮನೆ ಬಿಡಿಸಿ, ಗುರುತಿಲ್ಲದ ಮುಖಗಳ ನಡುವೆ ತಂದು ಕೂರಿಸಿ, ನಾವು ‘ಒಂದು ನಿಮಿಷ’ ಎನ್ನುತ್ತೇವೆ.

ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಆಟಿಸಂಗೆ ‘ಸ್ವಲೀನತೆ’ ಎನ್ನುತ್ತಾರೆ, ತನ್ನಲ್ಲೇ ಲೀನವಾಗಿರುವುದು ಎಂಬ ಅರ್ಥದಲ್ಲಿ. ಮೂಲ ಪದವೂ ಅಂಥದ್ದೇ. ಗ್ರೀಕಿನಲ್ಲಿ ‘ಆಟೋಸ್’ ಎಂದರೆ ತಾನು. ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಒಂದು ಲಕ್ಷಣಕ್ಕೆ ಈ ಹೆಸರಿಟ್ಟಿದ್ದರು. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅದನ್ನು ತೆಗೆದುಕೊಂಡು ತಾವು ಕಂಡ ಮಕ್ಕಳಿಗೆ ಬಳಸಿದರು. ಹೆಸರೇ ಹೀಗೆ ಒಂದು ಕಾಯಿಲೆಯಿಂದ ಕಡ ತಂದದ್ದು. ನನಗೆ ‘ಸ್ವಲೀನತೆ’ ಅಷ್ಟಾಗಿ ಒಗ್ಗುವುದಿಲ್ಲ. ನಾನು ಕಂಡವರು ತಮ್ಮೊಳಗೆ ಮುಳುಗಿ ಹೊರಗಿನದು ತಟ್ಟದವರಲ್ಲ. ಹೊರಗಿನದು ವಿಪರೀತವಾಗಿ ತಟ್ಟುವವರು. ಸ್ವತಃ ಆಟಿಸಂ ಇರುವ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮುಖ್ಯವಾದ ವಿಚಾರ ಮುಂದಿಟ್ಟರು: ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಷ್ಟೇ ಉಳಿದವರಿಗೂ ಅವರು ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆಯದು. ಘಟನೆಯ ವರದಿ ಓದುವಾಗಲೆಲ್ಲ ನಾನು ಇದನ್ನು ನೆನೆಯುತ್ತೇನೆ. ಅರ್ಥವಾಗದೆ ಹೋದದ್ದು ಯಾರಿಗೆ?

ಇಂಗ್ಲೆಂಡಿನ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2011ರಲ್ಲಿ ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದವರು ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಗುಟ್ಟಾಗಿ ಕ್ಯಾಮೆರಾ ಇಟ್ಟರು. ಕಲಿಕೆಯ ನ್ಯೂನತೆ (ಅಲ್ಲಿ ಬೌದ್ಧಿಕ ನ್ಯೂನತೆಗೆ ಹೀಗೆನ್ನುತ್ತಾರೆ) ಮತ್ತು ಆಟಿಸಂ ಇರುವವರನ್ನು ಸಿಬ್ಬಂದಿಯೇ ಹೊಡೆಯುವುದು, ನೆಲಕ್ಕೆ ಒತ್ತಿ ಹಿಡಿಯುವುದು, ಅಣಕಿಸುವುದು ಇಡೀ ದೇಶಕ್ಕೆ ಕಂಡಿತು. ಹನ್ನೊಂದು ಮಂದಿ ತಪ್ಪೊಪ್ಪಿಕೊಂಡರು, ಆರು ಮಂದಿ ಜೈಲಿಗೆ ಹೋದರು, ಆಸ್ಪತ್ರೆ ಮುಚ್ಚಿತು. ಅಲ್ಲಿದ್ದಂಥ ರೋಗಿಗಳನ್ನೆಲ್ಲ ಆಸ್ಪತ್ರೆಗಳಿಂದ ಸಮುದಾಯಕ್ಕೆ ಮರಳಿಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. ಇಷ್ಟು ವರ್ಷಗಳ ಮೇಲೂ ಸುಮಾರು ಎರಡು ಸಾವಿರ ಜನ ಅಂಥ ಆಸ್ಪತ್ರೆಗಳಲ್ಲೇ ಇದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ಆಟಿಸಂ ಇದೆ. 1983ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಟಿಸಂ ಕೂಡ ‘ಮಾನಸಿಕ ಅಸ್ವಸ್ಥತೆ’ಯ ವ್ಯಾಖ್ಯೆಯೊಳಗೇ ಇತ್ತು, ಬೇರೆ ಕಾಯಿಲೆ ಇಲ್ಲದೆಯೂ ಆ ಒಂದೇ ಕಾರಣಕ್ಕೆ ದೀರ್ಘಕಾಲ ಇರಿಸಿಕೊಳ್ಳಲು ಅದು ದಾರಿ ಬಿಟ್ಟಿತ್ತು. ಇದನ್ನು ಬದಲಿಸುವ ಮಸೂದೆ ಸಂಸತ್ತಿಗೆ ಬಂದದ್ದು 2024ರ ನವೆಂಬರಿನಲ್ಲಿ. ನಮ್ಮಂಥ ವಾರ್ಡುಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಇರುವಷ್ಟು ದಿನ ಅವು ಜನರನ್ನು ಇನ್ನಷ್ಟು ಕಾಯಿಲೆಗೆ ತಳ್ಳಬಾರದು.

ಅವು ತಳ್ಳುತ್ತವೆ. ಹೇಗೆ ಎಂದು ಹೇಳುತ್ತೇನೆ.

ಕೋಟಿನ ಪ್ರಸಂಗದ ನಂತರ ಒಂದು ಭಾನುವಾರ ಬೆಳಿಗ್ಗೆ ನಾನು ಎಲ್ಲರೂ ಕೂರುವ ಹಾಲ್‌ನಲ್ಲಿ ಕಣ್ಣು ಮುಚ್ಚಿ ಒಂದು ಗಂಟೆ ಕುಳಿತೆ. ಕೇಳಿದ ಪ್ರತಿಯೊಂದು ಸದ್ದನ್ನೂ ಬರೆದುಕೊಂಡೆ. ಸೊಂಟದ ಬೆಲ್ಟಿಗೆ ನೇತುಬಿದ್ದ ಕೀಲಿಗೊಂಚಲಿನ ಝಣಝಣ. ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಭಾರದ ಬಾಗಿಲು ಧಡಾರನೆ ಬಡಿಯುವುದು. ಊಟದ ಗಾಡಿಯ ಒಂದು ಚಕ್ರದ ಕಿರುಚಾಟ. ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರದ ಭೋರ್ಗರೆತ. ಯಾರೂ ನೋಡದ ಟಿವಿ. ಟ್ಯೂಬ್‌ಲೈಟಿನ ಝೇಂಕಾರ, ಅದು ನನಗೆ ಕೇಳಿಸಲು ಕಾಲು ಗಂಟೆ ಬೇಕಾಯಿತು. ಎರಡು ಪುಟ ತುಂಬಿತು. ನನ್ನ ಮಿದುಳು ಇವನ್ನೆಲ್ಲ ಸೋಸಿ ಆಚೆ ಹಾಕುವುದರಿಂದ ಈ ವಾರ್ಡು ನನಗೆ ‘ಶಾಂತ’ವಾಗಿ ಕಂಡಿತ್ತು. ಹಾಗೆ ಸೋಸಲು ಆಗದವರು ಇದರೊಳಗೆ ಹಗಲು ರಾತ್ರಿ ಇರಬೇಕು. ರಾತ್ರಿ ಗಂಟೆಗೊಮ್ಮೆ ಉಸಿರಾಡುತ್ತಿದ್ದಾರೆಯೇ ಎಂದು ನೋಡಲು ಮುಖಕ್ಕೆ ಟಾರ್ಚ್ ಬಿಡುತ್ತಿದ್ದೆವು. ಬೆಳಿಗ್ಗೆ ‘ನಿದ್ರೆ ಸರಿಯಿಲ್ಲ, ಸಿಡುಕು ಹೆಚ್ಚಿದೆ’ ಎಂದು ಬರೆದು ಮಾತ್ರೆ ಏರಿಸುತ್ತಿದ್ದೆವು.

ಬದಲಾವಣೆಗೆ ದೊಡ್ಡ ದುಡ್ಡೇನೂ ಬೇಕಾಗಲಿಲ್ಲ. ಕೀಲಿಗಳಿಗೆ ಬಟ್ಟೆಯ ಚೀಲ. ಬಾಗಿಲ ಚೌಕಟ್ಟಿಗೆ ಮೆತ್ತನೆಯ ಪಟ್ಟಿ. ಗಾಡಿಗೆ ಹೊಸ ಚಕ್ರ. ಕೈ ಒಣಗಿಸುವ ಯಂತ್ರದ ಜಾಗಕ್ಕೆ ಕಾಗದದ ಟವೆಲ್. ಮಬ್ಬುಗೊಳಿಸಬಹುದಾದ ದೀಪಗಳಿಗೆ ಮಾತ್ರ ಒಂದೂವರೆ ವರ್ಷ ಕಾದೆವು. ಹತ್ತು ಅರ್ಜಿ ಬರೆದಿರಬೇಕು, ಕೊನೆಯದರ ಜೊತೆಗೆ ರೋಗಿಯೊಬ್ಬರು ತಾವೇ ಬರೆದ ನಾಲ್ಕು ಪುಟದ ಪತ್ರವನ್ನೂ ಲಗತ್ತಿಸಿದೆ. ಯಾವ ದೀಪ ಎಷ್ಟು ಮಿನುಗುತ್ತದೆ, ಯಾವ ಕಂಬದ ಬಳಿ ನಿಂತರೆ ತಲೆನೋವು ಬರುತ್ತದೆ ಎಂದು ಅವರು ನಕ್ಷೆ ಸಮೇತ ಬರೆದಿದ್ದರು. ಎಂಜಿನಿಯರ್ ಅದೇ ನಕ್ಷೆ ಹಿಡಿದುಕೊಂಡು ಬಂದು ಕೆಲಸ ಮಾಡಿದರು.

ಗೋಡೆಗೊಂದು ಬಿಳಿ ಹಲಗೆ ಹಾಕಿದೆವು. ಇಂದು ಯಾರ ಪಾಳಿ, ಅವರ ಫೋಟೊ, ವೈದ್ಯರು ಎಷ್ಟು ಗಂಟೆಗೆ, ಊಟಕ್ಕೆ ಏನು, ಬೆಂಕಿ ಅಲಾರಂ ಪರೀಕ್ಷೆ ಬುಧವಾರ ಹತ್ತೂವರೆಗೆ. ಹಲಗೆಯಲ್ಲಿ ಬರೆದದ್ದು ತಪ್ಪಿದರೆ ಅದು ಔಷಧಿ ಕೊಡುವುದರಲ್ಲಿ ಆದ ತಪ್ಪಿನಷ್ಟೇ ಗಂಭೀರ ಎಂದು ನಿಯಮ ಮಾಡಿದೆ. ‘ಆಮೇಲೆ’, ‘ಸ್ವಲ್ಪ ಹೊತ್ತು’, ‘ನೋಡೋಣ’ ಎಂಬ ಮಾತುಗಳನ್ನು ವಾರ್ಡಿನಲ್ಲಿ ಆಡಬಾರದು ಎಂದೆ. ಬರುವುದು ಎಷ್ಟು ಹೊತ್ತಿಗೆ ಎಂದು ಗೊತ್ತಿದ್ದರೆ ಹೇಳಬೇಕು. ಗೊತ್ತಿಲ್ಲದಿದ್ದರೆ ‘ನನಗೆ ಗೊತ್ತಿಲ್ಲ, ಎರಡೂ ಹತ್ತಕ್ಕೆ ಬಂದು ತಿಳಿಸುತ್ತೇನೆ’ ಎನ್ನಬೇಕು, ಹೊಸ ಸುದ್ದಿ ಏನೂ ಇಲ್ಲದಿದ್ದರೂ ಎರಡೂ ಹತ್ತಕ್ಕೆ ಬರಲೇಬೇಕು. ಸಿಬ್ಬಂದಿಗೆ ಇದು ಬಹಳ ಕಷ್ಟವಾಯಿತು. ನಾವು ನರ್ಸುಗಳು ‘ಈಗ ಬಂದೆ’ ಎನ್ನುವುದನ್ನು ಉಸಿರಾಡುವಷ್ಟು ಸಹಜವಾಗಿ ಹೇಳುತ್ತೇವೆ.

ಇನ್ನು ಕಾಯಿಲೆ ಯಾವುದು, ಆಟಿಸಂ ಯಾವುದು ಎಂದು ಬಿಡಿಸಿ ನೋಡುವ ವಿಷಯ. ಇಲ್ಲಿರುವ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಎರಡೂ ದಿಕ್ಕಿನಲ್ಲಿ ಜಾರುವ ಸಾಧ್ಯತೆ ಇದೆ.

ಸೈಕೋಸಿಸ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ಯುವಕ ಒಂದು ಸೋಮವಾರದಿಂದ ಊಟ ಬಿಟ್ಟರು. ತಟ್ಟೆ ಮುಂದಿಟ್ಟರೆ ‘ಇದು ಅದಲ್ಲ’ ಎನ್ನುತ್ತಿದ್ದರು, ಅಷ್ಟೇ. ಊಟಕ್ಕೆ ಏನೋ ಬೆರೆಸಿದ್ದಾರೆಂಬ ಭ್ರಮೆ ಮರಳಿರಬಹುದು ಎಂದು ಟಿಪ್ಪಣಿ ಬಿತ್ತು. ಔಷಧಿ ಹೆಚ್ಚಿಸುವ ಮಾತು ಬಂತು. ಅವರನ್ನು ಚೆನ್ನಾಗಿ ಬಲ್ಲ ಸಹಾಯಕಿಯೊಬ್ಬರು ಅಡುಗೆಮನೆಗೆ ಹೋಗಿ ವಿಚಾರಿಸಿದರು. ಬ್ರೆಡ್ ಪೂರೈಸುವ ಕಂಪನಿ ಆ ಸೋಮವಾರ ಬದಲಾಗಿತ್ತು. ಅದು ನಿಜವಾಗಿಯೂ ‘ಅದಲ್ಲ’. ಹಳೆಯ ಬ್ರೆಡ್ಡನ್ನು ಅಂಗಡಿಯಿಂದ ತಂದುಕೊಟ್ಟೆವು, ಅವರು ನಾಲ್ಕು ಹೋಳು ತಿಂದರು. ಸತ್ಯವನ್ನೇ ಹೇಳಿದ ಮನುಷ್ಯನ ಮಾತನ್ನು ನಾವು ರೋಗಲಕ್ಷಣದ ಕಾಲಂನಲ್ಲಿ ಬರೆದಿದ್ದೆವು.

ಈಗ ಇನ್ನೊಂದು ದಿಕ್ಕು. ಹೆಣ್ಣುಮಗಳೊಬ್ಬರು ದಿನದಿಂದ ದಿನಕ್ಕೆ ನಿಧಾನವಾಗುತ್ತ ಹೋದರು. ಚಮಚ ಬಾಯಿಯ ಹತ್ತಿರ ಬಂದು ಗಾಳಿಯಲ್ಲೇ ನಿಲ್ಲುತ್ತಿತ್ತು. ಬಾಗಿಲ ಹೊಸ್ತಿಲಲ್ಲಿ ಅರ್ಧ ಗಂಟೆ ನಿಂತುಬಿಡುತ್ತಿದ್ದರು. ಮಾತು ನಿಂತಿತು. ‘ಆಟಿಸಂ ಇರುವವರು ಹೀಗೆಯೇ’ ಎಂದು ಎರಡು ವಾರ ಕಳೆಯಿತು. ಅವರ ಅಕ್ಕ ಭೇಟಿಗೆ ಬಂದು, ‘ಇವಳು ಹೀಗಿರಲಿಲ್ಲ’ ಎಂದು ಗಟ್ಟಿಯಾಗಿ ಹೇಳಿದ ಮೇಲೆ ವೈದ್ಯರು ಕ್ಯಾಟಟೋನಿಯಾ (ಚಲನೆ, ಮಾತು ಸ್ತಬ್ಧವಾಗುವ ಸ್ಥಿತಿ) ಇದೆಯೇ ಎಂದು ಪರೀಕ್ಷಿಸಿದರು. ಇತ್ತು. ಲೊರಾಜೆಪಾಮ್ ಎಂಬ ಔಷಧಿ ಕೊಟ್ಟ ಮೇಲೆ ಮರುದಿನ ಅವರು ತಾವೇ ಚಮಚ ಎತ್ತಿ ಗಂಜಿ ಕುಡಿದರು. ಇದನ್ನು ಇನ್ನಷ್ಟು ದಿನ ಬಿಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು.

ಹಾಗಾದರೆ ತಿಳಿಯುವುದು ಹೇಗೆ? ನನಗೆ ಗೊತ್ತಿರುವ ದಾರಿ ಒಂದೇ: ಈ ವ್ಯಕ್ತಿ ಚೆನ್ನಾಗಿದ್ದಾಗ ಹೇಗಿದ್ದರು ಎಂದು ತಿಳಿದಿರಬೇಕು. ಕೈ ಬೀಸುವುದು, ಹೇಳಿದ್ದನ್ನೇ ಹೇಳುವುದು, ಕಣ್ಣು ಕೂಡಿಸದಿರುವುದು ಮೊದಲಿನಿಂದ ಇದ್ದರೆ ಅದು ಅವರ ಸ್ವಭಾವ. ಹೊಸತಾಗಿ ಬಂದದ್ದೇನು, ಇದ್ದದ್ದರಲ್ಲಿ ಹೋದದ್ದೇನು ಎಂದು ಕೇಳಬೇಕು. ಪ್ರಿಯವಾದ ರೈಲು ವೇಳಾಪಟ್ಟಿಯನ್ನು ಒಬ್ಬರು ಮುಟ್ಟದೆ ಬಿಟ್ಟರೆ ನನ್ನ ಮಟ್ಟಿಗೆ ಅದು ಖಿನ್ನತೆಯ ದೊಡ್ಡ ಸೂಚನೆ. ಜೊತೆಗೆ ಮೈ ನೋಡಬೇಕು. ತನಗೆ ನೋವಾಗುತ್ತಿದೆ, ಹಸಿವಾಗಿದೆ, ಮಲಬದ್ಧತೆಯಾಗಿದೆ ಎಂಬ ಒಳಗಿನ ಸುದ್ದಿ ಅನೇಕರಿಗೆ ಸ್ಪಷ್ಟವಾಗಿ ತಲುಪುವುದಿಲ್ಲ. ತಲುಪಿದರೂ ಅದು ಮಾತಾಗುವುದಿಲ್ಲ. ‘ಹೇಗಿದ್ದೀರಿ’ ಎಂದು ಕೇಳಿದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ, ಹಾಗೆ ಕೇಳಿದರೆ ಹೀಗೆ ಹೇಳಬೇಕೆಂದು ಕಲಿತಿದ್ದಾರೆ. ಹಲ್ಲು, ಕಿವಿ, ಹೊಟ್ಟೆ ಪರೀಕ್ಷಿಸದೆ ನಡವಳಿಕೆಗೆ ಮಾತ್ರೆ ಬರೆಯಬಾರದು.

ಮಾತ್ರೆಯ ವಿಷಯ ಬಂದಾಗ ಆಲಿವರ್ ಮೆಕ್‌ಗೋವನ್ ಎಂಬ ಹುಡುಗನನ್ನು ನೆನೆಯಲೇಬೇಕು. ಹದಿನೆಂಟು ವರ್ಷ, ಆಟಿಸಂ ಇತ್ತು. 2016ರಲ್ಲಿ ಬ್ರಿಸ್ಟಲ್‌ನಲ್ಲಿ, ತನಗೆ ಆಂಟಿಸೈಕೋಟಿಕ್ (ಸೈಕೋಸಿಸ್‌ಗೆ ಕೊಡುವ) ಔಷಧಿ ಬೇಡವೆಂದು ಆತನೂ ಹೇಳಿದ್ದ, ತಂದೆತಾಯಿಯೂ ಹೇಳಿದ್ದರು. ಆದರೂ ಕೊಟ್ಟರು. ಆ ಔಷಧಿಯ ತೀವ್ರ ಅಡ್ಡಪರಿಣಾಮದಿಂದ ಆತ ತೀರಿಕೊಂಡ. ತಾಯಿ ಬಿಡದೆ ಹೋರಾಡಿದರು. ಅದರ ಫಲವಾಗಿ, ಇಂಗ್ಲೆಂಡಿನಲ್ಲಿ ಆರೋಗ್ಯ ಸೇವೆಯ ಸಿಬ್ಬಂದಿಗೆ ಆಟಿಸಂ ಮತ್ತು ಕಲಿಕೆಯ ನ್ಯೂನತೆಯ ತರಬೇತಿ ಕೊಡಲೇಬೇಕು ಎಂದು 2022ರಲ್ಲಿ ಕಾನೂನಾಯಿತು. ಆ ತರಬೇತಿಗೆ ಆತನದೇ ಹೆಸರು. ಹೊಸಬರು ಕೆಲಸಕ್ಕೆ ಸೇರಿದಾಗ ನಾನು ಮೊದಲು ಹೇಳುವುದು ಆತ ‘ಬೇಡ’ ಎಂದದ್ದನ್ನು. ‘ಬೇಡ’ ಎಂಬುದನ್ನು ಕಿವಿಗೊಟ್ಟು ಕೇಳುವುದು ನರ್ಸಿಂಗಿನ ಭಾಗ.

ಸಿಬ್ಬಂದಿಯ ಬಗ್ಗೆ ಮಾತಾಡಲು ನನಗೆ ಇಡೀ ದಿನ ಬೇಕು, ಆದರೂ ಎರಡು ಸಂಗತಿ ಹೇಳುತ್ತೇನೆ. ಆತ್ಮಹತ್ಯೆಯ ಅಪಾಯ ಇರುವವರ ಪಕ್ಕ ಸದಾ ಒಬ್ಬರು ಇರಬೇಕು. ಕಾಗದದಲ್ಲಿ ಇದು ಸುರಕ್ಷತೆ. ವಾರ್ಡಿನಲ್ಲಿ ಅದು ಏನಾಗಿತ್ತೆಂದರೆ ಗಂಟೆಗೊಬ್ಬ ಹೊಸ ಮನುಷ್ಯ, ಅದರಲ್ಲಿ ಅರ್ಧ ಏಜೆನ್ಸಿಯಿಂದ ಅಂದೇ ಬಂದವರು, ಕುರ್ಚಿ ಎಳೆದುಕೊಂಡು ಕುಳಿತು ನೋಡುತ್ತಲೇ ಇರುವುದು. ನೋಟವೇ ಸಹಿಸಲಾಗದವರನ್ನು ದಿನವಿಡೀ ನೋಡುವುದು! ಈಗ ಒಬ್ಬರಿಗೆ ದಿನಕ್ಕೆ ಮೂರೇ ಮುಖ, ಆ ಮುಖಗಳು ಯಾರವು ಎಂದು ಹಿಂದಿನ ಸಂಜೆಯೇ ತಿಳಿಸುತ್ತೇವೆ. ಪಕ್ಕದಲ್ಲಿ ಕುಳಿತವರು ಎದುರಾಗಿ ಕೂರುವುದಿಲ್ಲ, ಓರೆಯಾಗಿ ಕೂರುತ್ತಾರೆ. ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲೊಬ್ಬರು ಉಲ್ಲನ್ ಹೆಣೆಯುತ್ತಾರೆ. ಅವರ ಪಾಳಿಯಲ್ಲಿ ಅಲಾರಂ ಕೇಳುವುದು ಅಪರೂಪ.

ವೈದ್ಯರ ವಾರದ ಸುತ್ತೂ ಅಷ್ಟೇ. ಒಂದು ಕೋಣೆಯಲ್ಲಿ ಒಂಬತ್ತು ಮಂದಿ ಅರ್ಧಚಂದ್ರಾಕಾರವಾಗಿ ಕುಳಿತು ರೋಗಿಯನ್ನು ಕರೆಸಿ ‘ವಾರ ಹೇಗಿತ್ತು’ ಎಂದು ಕೇಳುತ್ತಿದ್ದರು. ಈಗ ಪ್ರಶ್ನೆಗಳನ್ನು ಮುಂಚಿನ ದಿನವೇ ಬರೆದು ಕೊಡುತ್ತೇವೆ. ಉತ್ತರವನ್ನು ಬರೆದು ಕೊಡಬಹುದು, ಟೈಪ್ ಮಾಡಬಹುದು, ಬಾಗಿಲ ಹೊರಗಿನಿಂದ ಹೇಳಬಹುದು. ಒಳಗೆ ಇಬ್ಬರೇ ಇರುತ್ತಾರೆ. ನಾಲ್ಕು ತಿಂಗಳು ‘ಹೂಂ’ ಬಿಟ್ಟು ಬೇರೇನೂ ಹೇಳದ ಒಬ್ಬರು ಮೊದಲ ವಾರವೇ ಹನ್ನೊಂದು ಪುಟ ಬರೆದುಕೊಟ್ಟರು.

ಬಲಪ್ರಯೋಗದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಜೀವ ಉಳಿಸಲು ಹಿಡಿಯಬೇಕಾದ ಗಳಿಗೆ ಬರುತ್ತದೆ. ನಾನೂ ಹಿಡಿದಿದ್ದೇನೆ. 2010ರಲ್ಲಿ ಲಂಡನ್ನಿನಲ್ಲಿ ಒಲಾಸೆನಿ ಲೂಯಿಸ್ ಎಂಬ ಇಪ್ಪತ್ಮೂರರ ಯುವಕ ಆಸ್ಪತ್ರೆಯೊಳಗೇ ಪೊಲೀಸರು ಒತ್ತಿ ಹಿಡಿದಾಗ ಕುಸಿದು, ಬಳಿಕ ಪ್ರಾಣ ಬಿಟ್ಟರು. 2018ರಲ್ಲಿ ಬಂದ ಬಲಪ್ರಯೋಗ ನಿಯಂತ್ರಣದ ಕಾನೂನನ್ನು ಜನ ‘ಸೆನಿಯ ಕಾನೂನು’ ಎಂದೇ ಕರೆಯುತ್ತಾರೆ. ಭಾರತದಲ್ಲಿ ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಇನ್ನೂ ಖಡಾಖಂಡಿತವಾಗಿದೆ: ಒಂಟಿಯಾಗಿ ಕೂಡಿಹಾಕುವಂತಿಲ್ಲ, ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಹಿಡಿಯಬಹುದು, ಕಟ್ಟಬಹುದು. ವಿದ್ಯಾರ್ಥಿಗಳೇ, ಆ ಸೆಕ್ಷನ್ನನ್ನು ಪರೀಕ್ಷೆಗಾಗಿ ಓದಬೇಡಿ. ನಮ್ಮ ವಾರ್ಡಿನಲ್ಲಿ ಪ್ರತಿ ಘಟನೆಯ ನಂತರ ನಾನು ಕೇಳುವುದು ಅದಕ್ಕೆ ಮುಂಚಿನ ಒಂದು ಗಂಟೆಯನ್ನು. ‘ಪ್ರಚೋದನೆ ಇಲ್ಲದೆ’ ಎಂಬ ಮಾತು ವರದಿಯಲ್ಲಿದ್ದರೆ ನಾನು ಸಹಿ ಹಾಕುವುದಿಲ್ಲ. ನೆಲ ಒರೆಸುವವರನ್ನೂ ಕೇಳಿಕೊಂಡು ಬನ್ನಿ ಎನ್ನುತ್ತೇನೆ.

ಬಿಡುಗಡೆಯ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಆರು ತಿಂಗಳಿಗೊಮ್ಮೆ ಹೊರಗಿನ ತಂಡ ಬಂದು ಪ್ರತಿಯೊಬ್ಬರ ವಿಷಯ ಪರಿಶೀಲಿಸುತ್ತದೆ. ಅದರಲ್ಲಿ ಇಂಥ ಅನುಭವ ಸ್ವತಃ ಇರುವವರೊಬ್ಬರೂ ಇರುತ್ತಾರೆ. ಈ ವ್ಯಕ್ತಿ ಸುರಕ್ಷಿತವೇ, ಸರಿಯಾದ ಆರೈಕೆ ಸಿಗುತ್ತಿದೆಯೇ, ಮುಂದಿನ ಯೋಜನೆ ಏನು, ಇದನ್ನೆಲ್ಲ ಆಸ್ಪತ್ರೆಯ ಹೊರಗೆ ಕೊಡಲಾಗದೇ ಎಂದು ಕೇಳುತ್ತಾರೆ. ಬಹಳ ಸಲ ಕೊನೆಯ ಪ್ರಶ್ನೆಗೆ ಉತ್ತರ ‘ಕೊಡಬಹುದು, ಆದರೆ ಮನೆ ಇಲ್ಲ’. ಕಾಯಿಲೆ ವಾಸಿಯಾಗಿ, ಮನೆ ಸಿಗದೆ, ಬೆಂಬಲಕ್ಕೆ ಜನ ಸಿಗದೆ ತಿಂಗಳುಗಟ್ಟಲೆ ಕಾಯುವವರು ಕಣ್ಣೆದುರೇ ಮತ್ತೆ ಕುಸಿಯುತ್ತಾರೆ. ಕೋಟಿನವರು ಹೀಗೆ ಹತ್ತು ತಿಂಗಳು ಕಾದರು. ಹೋಗುವ ದಿನ ಗಾಡಿ ಹನ್ನೊಂದಕ್ಕೆ ಎಂದು ಹಲಗೆಯಲ್ಲಿತ್ತು. ಚಾಲಕ ಹತ್ತೂವರೆಗೇ ಬಂದು ಗೇಟಿನ ಆಚೆ ನಿಂತಿದ್ದರು. ನಾನೇ ಹಾಗೆ ಕೇಳಿಕೊಂಡಿದ್ದೆ.

ಇಂಗ್ಲೆಂಡಿನಲ್ಲಿ ಇಲ್ಲದ ಒಂದು ಸಂಪತ್ತು ನಿಮ್ಮಲ್ಲಿದೆ: ರೋಗಿಯ ಜೊತೆಗೇ ಇರುವ ಮನೆಯವರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೆ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರು. ವೆಲ್ಲೂರಿನಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಪದ್ಧತಿ ಬೆಳೆಯಿತು. ನಾನು ಕಲಿಯುವಾಗ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಕುಳಿತ ತಾಯಿಯನ್ನು ನೋಡುತ್ತ ಬೆಳೆದೆ. ಇಂಗ್ಲೆಂಡಿನಲ್ಲಿ ಭೇಟಿಗೆ ಸಮಯ ಗೊತ್ತುಮಾಡುತ್ತಾರೆ, ತಾಯಿಗೆ ಏನು ಹೇಳಬೇಕಾದರೂ ವಯಸ್ಕ ರೋಗಿಯ ಒಪ್ಪಿಗೆ ಬೇಕು. ಒಪ್ಪಿಗೆಯ ನಿಯಮ ಸರಿಯಾದದ್ದೇ, ಮನೆಯವರಿಂದಲೇ ನೊಂದವರೂ ಇರುತ್ತಾರೆ. ಆದರೆ ತಾಯಿ ಹೇಳುವುದನ್ನು ಕೇಳಿಸಿಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹೊಸಬರು ದಾಖಲಾದ ಮೊದಲ ಗಂಟೆಯಲ್ಲಿ ಮನೆಗೆ ಫೋನ್ ಮಾಡುವುದನ್ನು ನಾನು ಇಲ್ಲಿಂದ ಅಲ್ಲಿಗೆ ಹೊತ್ತುಕೊಂಡು ಹೋದೆ.

ಮಾತು ಮುಗಿದ ಮೇಲೆ ಮೂರನೇ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. ಮಗನಿಗೆ ಇಪ್ಪತ್ತಾರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಪ್ರಮಾಣಪತ್ರವೂ ಇದೆ. ‘ನಾಳೆ ಅವನಿಗೆ ತಲೆ ಕೆಟ್ಟರೆ, ನಾನು ಜೊತೆಗೆ ಇರಲಾಗದಿದ್ದರೆ, ವಾರ್ಡಿನಲ್ಲಿ ಯಾರಿಗೆ ಅವನು ಅರ್ಥವಾಗುತ್ತಾನೆ?’ ಎಂದು ಕೇಳಿದರು.

ಪೂರ್ತಿ ಉತ್ತರ ನನ್ನ ಬಳಿ ಇರಲಿಲ್ಲ. ಒಂದೇ ಒಂದು ಪುಟ ಬರೆದಿಡಿ ಎಂದೆ. ಕಾಯಿಲೆಯ ಇತಿಹಾಸ ಬೇಡ, ಅದು ಫೈಲಿನಲ್ಲಿ ಇರುತ್ತದೆ. ಸಂಕಟವಾದಾಗ ಮೊದಲು ಏನು ಮಾಡುತ್ತಾನೆ, ಆಗ ಯಾವ ಮಾತು ಹೇಳಬಾರದು, ನೋವನ್ನು ಹೇಗೆ ತೋರಿಸುತ್ತಾನೆ, ಯಾವ ಬಟ್ಟೆ ಮೈಗೆ ಆಗುವುದಿಲ್ಲ, ಏನು ತಿನ್ನುತ್ತಾನೆ, ಎಷ್ಟು ಹೊತ್ತಿಗೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನನ್ನೇ ಕೇಳಿ ಬರೆಯಿರಿ.

ಸಭೆ ಚದುರಿತು. ಚಹಾ ಕುಡಿದು ಬಂದಾಗ ಅವರು ಅದೇ ಕುರ್ಚಿಯಲ್ಲಿ ಕುಳಿತು, ಕೈಚೀಲದಿಂದ ಹಳೆಯ ಡೈರಿ ತೆಗೆದು, ಆಗಲೇ ಬರೆಯತೊಡಗಿದ್ದರು. ಮಗ ಫೋನಿನಲ್ಲಿದ್ದ. ಮೊದಲ ಸಾಲು ನನಗೆ ಕಂಡಿತು: ‘ಫ್ಯಾನ್ ಮೂರರಲ್ಲಿ ಇರಬೇಕು. ಅನ್ನಕ್ಕೆ ಮೊಸರು ಕಲಸಿ ಕೊಡಬೇಡಿ, ಬೇರೆ ಬಟ್ಟಲಲ್ಲಿ ಇಡಿ.’